ಒಲೆಯಿಲ್ಲದ ಮನೆ

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿತವಾಯಿತು. ಆ ಊರಿನ ವಿದ್ಯಾರ್ಥಿಯೊಬ್ಬನು ಚಿತ್ರಗಳಲ್ಲಿನ ಚಿಂಕಾರಗಳನ್ನು ಎಣಿಸಲು ಪೈಥಾನ್ ಭಾಷೆಯಲ್ಲಿ ಕಾರ್ಯಕ್ರಮವೊಂದನ್ನು ಬರೆಯತೊಡಗಿರುವನೆಂದು ಇಟ್ಟುಕೊಳ್ಳಿ. ಅದೇ ಗಣಕಯಂತ್ರದಲ್ಲಿ ಹಾಲಿನ ಸೊಸೈಟಿಯ ಲೆಕ್ಕಕ್ಕೆಂದು ಅವನೇ ಹಿಂದೆ ಬರೆದುಕೊಟ್ಟದ್ದೂ ಇದೆ. ಹೊಸ ಕೆಲಸಕ್ಕೆ ಹೊಸ ಆವೃತ್ತಿಯ ಸಾಮಗ್ರಿ ಬೇಕು. ಹಳೆಯದು ಹಳೆಯ ಆವೃತ್ತಿಯನ್ನೇ ನಂಬಿ ನಿಂತಿದೆ. ಎರಡಕ್ಕೂ ಒಂದೇ ಉಗ್ರಾಣವಾದರೆ ಹೊಸ ಸಾಮಗ್ರಿ ಬಂದಂದೇ ಹಳೆಯ ಲೆಕ್ಕ ಕೆಡಬಹುದು; ಬಟವಾಡೆಯ ದಿನ ಹಾಲು ಹಾಕಿದವರು ಬರಿಗೈಯಲ್ಲಿ ನಿಲ್ಲಬೇಕಾದೀತು.

ಅವಿಭಕ್ತ ಕುಟುಂಬದಲ್ಲಿ ಇಂಥ ಇಕ್ಕಟ್ಟು ತಲೆದೋರಿದಾಗ ಹಿರಿಯರು ಬೇರೆ ಒಲೆ ಹೂಡಿಸುತ್ತಿದ್ದರು. ಗಣಕಯಂತ್ರದಲ್ಲಿ ಇದಕ್ಕೆ ವರ್ಚುವಲ್ ಎನ್ವಿರಾನ್‌ಮೆಂಟ್ ಎಂದು ಹೆಸರು. ಒಂದೊಂದು ಕೆಲಸಕ್ಕೆ ಒಂದೊಂದು ಪ್ರತ್ಯೇಕ ಮನೆ. 2012ರಲ್ಲಿ ಬಂದ ಪೈಥಾನ್ 3.3 ಇದಕ್ಕಾಗಿ ‘ವೆನ್ವ್’ ಎಂಬ ಸಾಧನವನ್ನು ಜೊತೆಯಲ್ಲೇ ತಂದಿತು. ‘ಕಾಂಡಾ’ ಎಂಬ ಪ್ಯಾಕೇಜ್ ಮ್ಯಾನೇಜರ್ ಕಾಣಿಸಿಕೊಂಡದ್ದೂ ಅದೇ ವರ್ಷ.

ಇವೆರಡರ ನಡತೆಯಲ್ಲಿ ಒಂದು ಭೇದವುಂಟು. ವೆನ್ವ್ ಕಟ್ಟಿದ ಮನೆಯಲ್ಲಿ ಪೈಥಾನ್ ಇದ್ದೇ ಇರುತ್ತದೆ. ಕಾಂಡಾ ಪೈಥಾನಿಗೆ ಮಾತ್ರ ಮೀಸಲಾದುದಲ್ಲ. ಆರ್ ಮೊದಲಾದ ಭಾಷೆಗಳ ಸಾಮಗ್ರಿಯನ್ನೂ ಒದಗಿಸುತ್ತದೆ. ಆದ್ದರಿಂದ ‘ಕಾಂಡಾ ಕ್ರಿಯೇಟ್’ ಎಂಬ ಆಜ್ಞೆಗೆ ಬರಿಯ ಹೆಸರನ್ನು ಕೊಟ್ಟರೆ ಅದು ಬರಿಯ ಮನೆಯನ್ನೇ ಕಟ್ಟುತ್ತದೆ. ಒಳಗೆ ಇರುವುದು ಲೆಕ್ಕದ ಪುಸ್ತಕದಂಥ ಒಂದು ಕಡತ ಮಾತ್ರ. ಪೈಥಾನ್ ಇಲ್ಲ, ಸಾಮಗ್ರಿ ತರಿಸುವ ‘ಪಿಪ್’ ಕೂಡ ಇಲ್ಲ.

ಅಪಾಯವಿರುವುದು ಇಲ್ಲಿಯೇ. ಹುಡುಗನು ಆ ಮನೆಯನ್ನು ಹೊಕ್ಕು ‘ಪಿಪ್’ ಎಂದು ಕರೆಯುತ್ತಾನೆ. ಯಂತ್ರವು ಒಳಗೆ ಹುಡುಕುತ್ತದೆ. ಕಾಣದಿದ್ದರೆ ತನಗೆ ಹೇಳಿಕೊಟ್ಟ ದಾರಿಯನ್ನು ಹಿಡಿದು ಹೊರಗೆ ಹುಡುಕುತ್ತದೆ. ಅಲ್ಲಿ ಸಿಕ್ಕಿತೋ, ಅದನ್ನೇ ಕೆಲಸಕ್ಕೆ ಹಚ್ಚುತ್ತದೆ. ಆಗ ತರಿಸಿದ ಸಾಮಗ್ರಿಯೆಲ್ಲ ಸೇರುವುದು ಹೊರಗಿನ ಉಗ್ರಾಣವನ್ನೇ. ಪರದೆಯ ಮೇಲೆ ಹೊಸ ಮನೆಯ ಹೆಸರು ಕಾಣುತ್ತಿರುವುದರಿಂದ ಅವನಿಗೆ ಸಂಶಯವೂ ಬಾರದು. ಬೇರೆ ಮನೆ ಮಾಡಿದ ಮಗನು ಒಲೆ ಹೂಡುವುದನ್ನು ಮರೆತು ಹಳೆಯ ಮನೆಯಲ್ಲೇ ಅಡಿಗೆ ಮಾಡಿದಂತೆ!

ಪರಿಹಾರ ಸುಲಭವಾದುದು. ಮನೆ ಕಟ್ಟಿಸುವಾಗಲೇ ಹೆಸರಿನೊಡನೆ ಪೈಥಾನನ್ನೂ ಅದರ ಆವೃತ್ತಿಯನ್ನೂ ಕೇಳಿ ಪಡೆಯಬೇಕು; ಬರಿದಾಗಿಯೇ ಕಟ್ಟಿದ್ದರೆ ಕಾಂಡಾದ ಮೂಲಕ ಪೈಥಾನನ್ನು ಮೊದಲು ತುಂಬಿಸಬೇಕು. ಆಮೇಲೆ, ಓಗೊಡುತ್ತಿರುವ ಪೈಥಾನ್ ಯಾವ ಮನೆಯದೆಂದು ಒಮ್ಮೆ ವಿಚಾರಿಸಿಕೊಳ್ಳಬೇಕು. ಅಷ್ಟು ಮಾಡಿದರೆ ಹುಡುಗನು ನಿಶ್ಚಿಂತೆಯಾಗಿ ಚಿಂಕಾರಗಳನ್ನು ಎಣಿಸಬಹುದು. ಸೊಸೈಟಿಯ ಲೆಕ್ಕವೂ ಕೆಡದೆ ಉಳಿದೀತು.