ಎಲುಬಿಗೆ ಕ್ಯಾಲ್ಸಿಯಂ ಒಂದೇ ಸಾಲದು

ಮೊಣಕಾಲು ನೋವು, ಸೊಂಟ ನೋವು ಎಂದ ಕೂಡಲೇ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು, ‘ಕ್ಯಾಲ್ಸಿಯಂ ಕಡಿಮೆಯಾಗಿದೆ’. ಕ್ಯಾಲ್ಸಿಯಂ ಬೇಕು, ಸುಳ್ಳಲ್ಲ. ಆದರೆ ಇಟ್ಟಿಗೆ ತಂದು ರಾಶಿ ಹಾಕಿದ ಮಾತ್ರಕ್ಕೆ ಗೋಡೆ ಏಳುವುದೇ? ಗೌಂಡಿ ಬೇಕಲ್ಲವೇ?

ಎಲುಬಿನ ಗೌಂಡಿಗಳೆಂದರೆ ಆಸ್ಟಿಯೋಬ್ಲಾಸ್ಟ್ ಎಂಬ ಜೀವಕೋಶಗಳು. ಅಸ್ಥಿಮಜ್ಜೆಯಲ್ಲಿರುವ ಕಾಂಡಕೋಶಗಳೇ ಇವುಗಳ ಮೂಲ. ಮಜ್ಜೆಯ ಕೋಶಗಳಿಗೆ ಎಲುಬು ಕಟ್ಟುವ ಶಕ್ತಿಯಿದೆ ಎಂಬುದನ್ನು 1960ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಫ್ರೀಡೆನ್‌ಸ್ಟೈನ್ ತೋರಿಸಿಕೊಟ್ಟರು. ಅದೇ ಕಾಂಡಕೋಶ ಕೊಬ್ಬಿನ ಕೋಶವೂ ಆಗಬಲ್ಲದು. ವಯಸ್ಸಾದಂತೆ ಆ ಕಡೆಗೇ ವಾಲುವುದು ಹೆಚ್ಚು. ಮುಪ್ಪಿನಲ್ಲಿ ಎಲುಬು ಪೊಳ್ಳಾಗಲು ಇದೂ ಒಂದು ಕಾರಣ.

ಈ ಕವಲುದಾರಿಯಲ್ಲಿ ಜೀವಸತ್ವಗಳ ಮಾತು ನಡೆಯುತ್ತದೆ. ‘ಡಿ’ ಜೀವಸತ್ವವು ಕೋಶದೊಳಗೆ ಹೋಗಿ ಎಲುಬಿಗೆ ಬೇಕಾದ ಪ್ರೋಟೀನುಗಳ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ‘ಸಿ’ ಇಲ್ಲದಿದ್ದರೆ ಕ್ಯಾಲ್ಸಿಯಂ ಕೂರಬೇಕಾದ ಕೊಲಾಜನ್ ಎಳೆ ಗಟ್ಟಿಯಾಗದು. ಪ್ರಯೋಗಶಾಲೆಯಲ್ಲಿ ಕಾಂಡಕೋಶವನ್ನು ಎಲುಬಿನ ಕೋಶವಾಗಿಸುವ ದ್ರಾವಣಕ್ಕೆ ‘ಸಿ’ ಬೆರೆಸುವುದೇ ರೂಢಿ. ಆಸ್ಟಿಯೋಕ್ಯಾಲ್ಸಿನ್ ಎಂಬ ಪ್ರೋಟೀನು ಕ್ಯಾಲ್ಸಿಯಂ ಹಿಡಿಯಬೇಕಾದರೆ ‘ಕೆ’ ಬೇಕು. ‘ಎ’ ಮಾತ್ರ ಮಿತಿಮೀರಿದರೆ ಎಲುಬಿಗೇ ಕೇಡು.

ಹಾಗೆಂದು ಮಾತ್ರೆಯ ಡಬ್ಬಿ ಕೊಳ್ಳಲು ಓಡಬೇಡಿ. ಗಾಜಿನ ತಟ್ಟೆಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲಿಯೂ ನಡೆಯಬೇಕೆಂದಿಲ್ಲ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ಪರೀಕ್ಷೆಯ ಫಲ 2022ರಲ್ಲಿ ಬಂತು: ಕೊರತೆಯನ್ನು ನೋಡಿ ಆರಿಸದ ಸಾಮಾನ್ಯ ಆರೋಗ್ಯವಂತರಲ್ಲಿ ದಿನಕ್ಕೆ 2000 ಯೂನಿಟ್ ‘ಡಿ’ ಕೊಟ್ಟರೂ ಎಲುಬು ಮುರಿತ ಕಡಿಮೆಯಾಗಲಿಲ್ಲ. ಕೊರತೆಯಿದ್ದವರ ಲೆಕ್ಕ ಬೇರೆ. ಅವರು ವೈದ್ಯರು ಹೇಳಿದಷ್ಟು ತೆಗೆದುಕೊಳ್ಳಲೇಬೇಕು.

ಕೊರತೆಗೆ ನಮ್ಮಲ್ಲಿ ಕಾರಣ ಹುಡುಕುತ್ತ ದೂರ ಹೋಗಬೇಕಿಲ್ಲ. ಬೆಳಗ್ಗೆ ಗಾದಿಗೆ ಕೂತರೆ ಏಳುವುದು ರಾತ್ರಿಗೆ. ಅಂಗಡಿಯ ಗಾಜಿನೊಳಗಿಂದ ಬೀಳುವ ಬಿಸಿಲು ‘ಡಿ’ ತಯಾರಿಸದು, ಆ ಕಿರಣವನ್ನು ಗಾಜು ತಡೆಯುತ್ತದೆ. ಒಳಮನೆಯಲ್ಲೇ ದಿನ ಕಳೆಯುವ ಅತ್ತೆ-ಸೊಸೆಯರ ಪಾಡು ಇದಕ್ಕಿಂತ ಕಡೆ. ‘ಸಿ’ಗೆ ನೆಲ್ಲಿಕಾಯಿ, ನಿಂಬೆ ಇವೆ, ನಿಂಬೆಯನ್ನು ಬೇಳೆ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ಸತ್ವ ಹಾಳು. ‘ಕೆ’ ಸೊಪ್ಪಿನಲ್ಲಿ ಧಾರಾಳ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರಿಗೆ ಸೋಯಾ ಎಣ್ಣೆಯಿಂದಲೂ ಒಂದಿಷ್ಟು ದೊರೆಯುತ್ತದೆ.

ಮಾತ್ರೆ ಬೇಕೇ ಆದರೆ ಔಷಧದಂಗಡಿಯಲ್ಲಿ ಒಂದು ಮಾತು ಕೇಳಿ. ಜೆಲಟಿನ್ ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಗಳ ಚರ್ಮ, ಎಲುಬಿನಿಂದ ಆದದ್ದು. ‘ಡಿ-3’ ಬಹುಪಾಲು ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕಲ್ಲುಹೂವಿನ ಜಾತಿಯಿಂದ ತೆಗೆದ ‘ಡಿ-3’, ಯೀಸ್ಟಿನಿಂದ ಆದ ‘ಡಿ-2’ ಕೂಡ ಇವೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವ ಹಿರಿಯರಿದ್ದರೆ ವೈದ್ಯರನ್ನು ಕೇಳದೆ ‘ಕೆ’ ಮಾತ್ರೆ ಕೊಡಬೇಡಿ, ಸೊಪ್ಪಿನ ಪ್ರಮಾಣವನ್ನೂ ಒಮ್ಮೆಲೇ ಹೆಚ್ಚು-ಕಡಿಮೆ ಮಾಡಬೇಡಿ.