ಒಂದೇ ಮನೆ, ಎರಡು ಒಲೆ

ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ತೆಗೆಸಿ 512 ಜಿಬಿಯ ಎಸ್‌ಎಸ್‌ಡಿ ಹಾಕಿಸಿದಾಗ, ಅದರಲ್ಲೇ ವಿಂಡೋಸ್ ಜೊತೆಗೆ ಲಿನಕ್ಸನ್ನೂ ಕೂರಿಸಿದೆ. ಗೆಳೆಯನೊಬ್ಬ ಆಗಲೇ ಬೈದಿದ್ದ. "ಒಂದೇ ಡಿಸ್ಕಲ್ಲಿ ಎರಡನ್ನೂ ಹಾಕ್ಬೇಡ್ವೋ ಮಾರಾಯ, ಯಾವತ್ತಾದ್ರೂ ಕಿತ್ತಾಡ್ಕೊಳ್ತವೆ" ಅಂತ. ಅವು ಕಿತ್ತಾಡಲಿಲ್ಲ. ಜಗಳ ತಂದಿಟ್ಟವನು ನಾನೇ.

ಎರಡೂ ಯಾಕೆ ಬೇಕು ಅಂತ ಕೇಳಬಹುದು. ನನ್ನ ದಿನನಿತ್ಯದ ಬರವಣಿಗೆಯೆಲ್ಲ ಲಿನಕ್ಸಿನಲ್ಲೇ, ಯುನಿಕೋಡಿನಲ್ಲೇ. ಆದರೆ ನನ್ನ ಮುದ್ರಕರಿಗೆ ನುಡಿಯ ಹಳೇ ಅಕ್ಷರದಲ್ಲೇ ಫೈಲು ಬೇಕು. ಅದಕ್ಕಾಗಿ ವಿಂಡೋಸ್ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಬಹಳ ಜನರ ಕಥೆ ಇದೇ ಅಲ್ವಾ?

ಆವತ್ತು ಅಪ್ಪನ ಡೈರಿ ಟೈಪ್ ಮಾಡ್ತಾ ಕೂತಿದ್ದೆ. ಹನ್ನೊಂದು ಪುಟ ಆಗಿತ್ತು. ಸೇವ್ ಮಾಡದೆ, ಫೈಲು ತೆರೆದಿದ್ದ ಹಾಗೇ ಹೈಬರ್ನೇಟ್ ಮಾಡಿ ಊಟಕ್ಕೆ ಎದ್ದೆ. ಬಂದವನು ಇನ್ನೇನೋ ಕೆಲಸಕ್ಕೆ ಲಿನಕ್ಸ್ ತೆರೆದೆ. ಸಿ ಡ್ರೈವಿನಲ್ಲಿದ್ದ ಒಂದು ಫೋಟೋ ಬೇಕಾಯ್ತು. ಲಿನಕ್ಸ್ "ಅಲ್ಲಿ ವಿಂಡೋಸ್ ಮಲಗಿದೆ, ಬರೆಯೋಕೆ ಬಿಡಲ್ಲ" ಅಂತ ಎಚ್ಚರಿಸಿತು. ಫೋಟೋ ನೋಡೋದಕ್ಕೆ ಬರೆಯುವ ಹಕ್ಕೇ ಬೇಕಿರಲಿಲ್ಲ! ಆದರೂ ಜಾಣತನ ಸುಮ್ಮನಿರಬೇಕಲ್ಲ, ಎಲ್ಲೋ ಓದಿದ ಆದೇಶ ಹೊಡೆದು ಆ ಹೈಬರ್ನೇಟ್ ಫೈಲನ್ನೇ ಅಳಿಸಿ ಒಳಗೆ ನುಗ್ಗಿದೆ. ವಿಂಡೋಸಿನ ಆ ಹೊತ್ತಿನ ನೆನಪೆಲ್ಲ ಇದ್ದದ್ದು ಅದೇ ಫೈಲಿನಲ್ಲಿ. ಮತ್ತೆ ಆನ್ ಮಾಡಿದರೆ ಹನ್ನೊಂದು ಪುಟವೂ ಇಲ್ಲ.

ಆಮೇಲಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಡಿಸ್ಕ್ ಒಂದೇ ಇರಲಿ, ತೊಂದರೆಯಿಲ್ಲ. ಒಬ್ಬರು ಮಲಗಿದ್ದಾಗ ಇನ್ನೊಬ್ಬರು ಅವರ ಕೋಣೆಗೆ ನುಗ್ಗಬಾರದು ಅಷ್ಟೇ.

ಇನ್ನೊಂದು ಕಣ್ಣಿಗೆ ಕಾಣದ ನಿದ್ದೆ ಇದೆ. ವಿಂಡೋಸ್ 8 ಬಂದ 2012ರಿಂದ 'ಫಾಸ್ಟ್ ಸ್ಟಾರ್ಟಪ್' ಅಂತ ಒಂದು ಸೌಲಭ್ಯ ಸೇರಿದೆ. ಅದು ಆನ್ ಇದ್ದರೆ ನೀವು ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಆರೋದಿಲ್ಲ, ಅರ್ಧ ಹೈಬರ್ನೇಟ್ ಆಗಿರುತ್ತೆ. ಹಂಚಿಕೊಂಡ ಡೇಟಾ ಭಾಗಕ್ಕೆ ಆಗ ಲಿನಕ್ಸಿನಿಂದ ಬರೆಯಹೋದರೆ ಅಪಾಯ. ಎಸ್‌ಎಸ್‌ಡಿಯಲ್ಲಿ ಈ ಸೌಲಭ್ಯದಿಂದ ಉಳಿಯೋದು ಕೆಲವು ಸೆಕೆಂಡು ಮಾತ್ರ. ಎರಡು ಓಎಸ್ ಇರುವವರು ಮೊದಲು ಅದನ್ನು ಆಫ್ ಮಾಡಿ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ ಅಂತ ನನ್ನ ಹಟ.

ಹಾಗೆ ಆಫ್ ಮಾಡಿದ ಮೇಲೂ ನನ್ನ ಹಂಚಿಕೆಯ ಭಾಗದಲ್ಲಿ ಹಾಡು, ಸಿನಿಮಾ, ಫೋಟೋ ಮಾತ್ರ ಇವೆ. ಬರಹಗಳು ಎಲ್ಲಿ ಹುಟ್ಟಿದವೋ ಅಲ್ಲೇ ಇರುತ್ತವೆ.

ಇನ್ನು ತಲೆಬಾಗಿಲಿನ ವಿಷಯ. ಒಂದೇ ಡಿಸ್ಕಿನಲ್ಲಿ ಎರಡು ಓಎಸ್ ಇದ್ದರೆ ಸಾಮಾನ್ಯವಾಗಿ ಇಎಫ್‌ಐ ಅನ್ನೋ ಪುಟ್ಟ ಭಾಗ ಇಬ್ಬರಿಗೂ ಒಂದೇ. ಎರಡರ ಬೂಟ್ ಫೈಲುಗಳೂ ಅಲ್ಲೇ ಇರುತ್ತವೆ. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಅಪ್‌ಡೇಟ್ ಬಂದ ಮೇಲೆ, ಸೆಕ್ಯೂರ್ ಬೂಟ್ ಆನ್ ಇದ್ದ ಎಷ್ಟೋ ಗಣಕಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. "ಎರಡು ಡಿಸ್ಕ್ ಇದ್ದಿದ್ದರೆ ಹೀಗಾಗ್ತಿರಲಿಲ್ಲ" ಅಂತ ಗೆಳೆಯ ಫೋನ್ ಮಾಡಿ ಹೇಳಿದ. ತಪ್ಪು! ಆ ಅಪ್‌ಡೇಟು ಬದಲಿಸಿದ್ದು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿರುವ ಪಟ್ಟಿಯನ್ನು. ಡಿಸ್ಕ್ ಒಂದಿದ್ದರೂ ಅಷ್ಟೇ, ನಾಲ್ಕಿದ್ದರೂ ಅಷ್ಟೇ.

ಬಿಟ್‌ಲಾಕರ್ ಆನ್ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಅದು ನಮಗೆ ಗೊತ್ತಿಲ್ಲದೇ ಆನ್ ಆಗಿರುತ್ತೆ. ಬೂಟ್ ವ್ಯವಸ್ಥೆ ಬದಲಾದ ತಕ್ಷಣ ಅದು 48 ಅಂಕಿಯ ಕೀಲಿ ಕೇಳಬಹುದು. ಲಿನಕ್ಸ್ ಹಾಕುವ ಮೊದಲೇ ಅದನ್ನು ಕಾಗದದಲ್ಲಿ ಬರೆದಿಡಿ.

ಗಡಿಯಾರದ ತಮಾಷೆ ಬೇರೆ :) ಲಿನಕ್ಸ್ ಗಣಕದ ಗಡಿಯಾರದಲ್ಲಿ ಯುಟಿಸಿ ಸಮಯ ಇಡುತ್ತೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂದುಕೊಳ್ಳುತ್ತೆ. ನಮ್ಮೂರಲ್ಲಿ ಸರಿಯಾಗಿ ಐದೂವರೆ ಗಂಟೆ ಹಿಂದೆ! ಬೆಳಿಗ್ಗೆ ಹತ್ತಕ್ಕೆ ಆನ್ ಮಾಡಿದರೆ ಇನ್ನೂ ನಾಲ್ಕೂವರೆ. ಲಿನಕ್ಸಿನಲ್ಲಿ ಒಂದು ಸಾಲಿನ ಆದೇಶ ಕೊಟ್ಟರೆ ಸರಿಹೋಗುತ್ತೆ.

ಎರಡು ಓಎಸ್ ಇದ್ದರೆ ಎಸ್‌ಎಸ್‌ಡಿ ಬೇಗ ಸವೆಯುತ್ತಾ ಅಂತ ತಂಗಿ ಕೇಳಿದ್ದಳು. ಬರೆಯೋದು ಎಷ್ಟು ಅನ್ನೋದು ಮುಖ್ಯ, ಬರೆಯೋರು ಎಷ್ಟು ಜನ ಅನ್ನೋದಲ್ಲ. ನಾವು ಹೇಗೇ ಭಾಗ ಮಾಡಿದರೂ ಒಳಗಿನ ಕಂಟ್ರೋಲರ್ ಸವೆತವನ್ನು ಇಡೀ ಡಿಸ್ಕಿಗೆ ಹಂಚುತ್ತೆ. ಆದರೆ ಗೆಳೆಯನ ಮಾತಿನಲ್ಲಿ ಒಂದು ಸತ್ಯ ಇದೆ, ಒಪ್ಪಿಕೊಳ್ಳಬೇಕು. ಎಸ್‌ಎಸ್‌ಡಿ ಹೋಗುವಾಗ ಹಾರ್ಡ್ ಡಿಸ್ಕಿನ ಹಾಗೆ ಕಟಕಟ ಸದ್ದು ಮಾಡಿ ಎಚ್ಚರಿಸೋದಿಲ್ಲ. ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಅದಕ್ಕೆ ಎರಡನೇ ಡಿಸ್ಕ್ ಕೊಂಡೆ, ಓಎಸ್ ಹಾಕೋಕಲ್ಲ, ಬ್ಯಾಕಪ್‌ಗೆ. ಭಾನುವಾರ ಸಂಜೆ ಚುಚ್ಚಿ, ಕಾಪಿ ಮಾಡಿ, ಕಿತ್ತು ಬೀರುವಿಗೆ.

ಅಪ್ಪನ ಡೈರಿ ಮತ್ತೆ ಮೊದಲಿಂದ ಟೈಪ್ ಮಾಡ್ತಿದ್ದೇನೆ. ಈ ಸಲ ಲಿನಕ್ಸಿನಲ್ಲೇ, ಯುನಿಕೋಡಿನಲ್ಲಿ. ಮುದ್ರಕರಿಗೆ ಬೇಕಾದಾಗ ನುಡಿಗೆ ಬದಲಾಯಿಸಿ ಕೊಡ್ತೀನಿ. ಒಂಬತ್ತನೇ ಪುಟದಲ್ಲಿದ್ದೇನೆ.