ರೆಪ್ಪೆಯ ಮೇಲೊಂದು ಮಡಿಕೆ

ಕೈಗನ್ನಡಿ ಹಿಡಿದು ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ತೆರೆಯುವಾಗ ಮೇಲ್ರೆಪ್ಪೆಯ ಚರ್ಮ ಒಂದು ಗೆರೆಯ ಬಳಿ ಮಡಿಚಿಕೊಂಡು ಒಳಸರಿಯುವುದು ಕಾಣುತ್ತದೆ. ಕನ್ನಡ ನಾಡಿನಲ್ಲಿ ಹೆಚ್ಚಿನವರಿಗೆ ಈ ಮಡಿಕೆ ಇರುವುದರಿಂದ ಯಾರೂ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಕೊರಿಯಾ, ಜಪಾನ್, ಚೀನಾಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇದು ಇಲ್ಲ. ದಕ್ಷಿಣ ಕೊರಿಯಾದಲ್ಲಿ ನವೆಂಬರಿನ ಕಾಲೇಜು ಪ್ರವೇಶ ಪರೀಕ್ಷೆ ಮುಗಿದೊಡನೆ ಮಕ್ಕಳಿಗೆ ಈ ಮಡಿಕೆಯನ್ನೇ ಉಡುಗೊರೆಯಾಗಿ ಮಾಡಿಸಿಕೊಡುವ ತಂದೆ ತಾಯಿಯರಿದ್ದಾರೆ, ಇಲ್ಲಿ ಪಿಯುಸಿ ಪಾಸಾದರೆ ಸ್ಕೂಟರು ಕೊಡಿಸುವ ಹಾಗೆ! ರಾಜಧಾನಿ ಸೋಲ್‌ನ ಗಂಗ್ನಮ್ ಭಾಗದಲ್ಲಿ ಇದಕ್ಕೆಂದೇ ಚಿಕಿತ್ಸಾಲಯಗಳು ಸಾಲುಗಟ್ಟಿವೆ.

ಒಬ್ಬರೇ ವೈದ್ಯರು, ಒಂದೇ ಬಗೆಯ ಶಸ್ತ್ರಚಿಕಿತ್ಸೆ. ಆದರೂ ಒಬ್ಬ ಗೆಳತಿಯ ಕಣ್ಣು ಸಹಜವಾಗಿ ಕಂಡರೆ ಇನ್ನೊಬ್ಬಳದು ಸದಾ ಬೆಚ್ಚಿಬಿದ್ದಂತೆ ಕಾಣಬಹುದು. ಯಾಕೆ ಹೀಗೆ?

ಮೇಲ್ರೆಪ್ಪೆಯನ್ನು ಎತ್ತುವುದು 'ಲಿವೇಟರ್' ಎಂಬ ಸ್ನಾಯು. ಮಡಿಕೆ ಇರುವ ಕಣ್ಣಿನಲ್ಲಿ ಈ ಸ್ನಾಯುವಿನ ಎಳೆಗಳು ಚರ್ಮಕ್ಕೂ ಬಂದು ಅಂಟಿಕೊಂಡಿರುತ್ತವೆ. ಹೀಗಾಗಿ ಸ್ನಾಯು ಎಳೆದಾಗ ಚರ್ಮವೂ ಆ ಗೆರೆಯಲ್ಲಿ ಒಳಕ್ಕೆ ಹೋಗುತ್ತದೆ. ಮಡಿಕೆ ಇಲ್ಲದ ಕಣ್ಣಿನಲ್ಲಿ ಕೊಬ್ಬನ್ನು ತಡೆದು ಹಿಡಿಯುವ ಪೊರೆ ಇನ್ನೂ ಕೆಳಗಡೆ ಸೇರಿಕೊಂಡಿರುತ್ತದೆ. ಕೊಬ್ಬು ರೆಪ್ಪೆಯ ಅಂಚಿನ ಹತ್ತಿರದವರೆಗೂ ಇಳಿದು ಎಳೆಗಳು ಚರ್ಮ ತಲುಪದಂತೆ ಅಡ್ಡ ನಿಲ್ಲುತ್ತದೆ. ಇದು ರೋಗವಲ್ಲ, ನೋಟಕ್ಕೆ ಇದರಿಂದ ಕೊರತೆಯೂ ಇಲ್ಲ. ಬೆಂಗಳೂರಿನ ಕಾಲೇಜುಗಳಲ್ಲಿ ಈಶಾನ್ಯ ರಾಜ್ಯಗಳ ಸಹಪಾಠಿಗಳ ಕಣ್ಣನ್ನು ಹಂಗಿಸುವವರು ಹಂಗಿಸುತ್ತಿರುವುದು ಎರಡು ಪೊರೆಗಳು ಕೂಡುವ ಜಾಗದ ಕೆಲವೇ ಮಿಲಿಮೀಟರು ವ್ಯತ್ಯಾಸವನ್ನು, ಅಷ್ಟೆ.

ಇಲ್ಲದ ಅಂಟನ್ನು ಹೊಲಿಗೆಯಿಂದ ಉಂಟುಮಾಡುವುದೇ ಈ ಚಿಕಿತ್ಸೆಯ ಹೂರಣ. ಜಪಾನಿನ ವೈದ್ಯ ಮಿಕಾಮೊ 1896ರಲ್ಲೇ ಇದನ್ನು ಬರೆದಿಟ್ಟರು. ಅವರ ಬಳಿ ಬಂದಿದ್ದ ಮಹಿಳೆಗೆ ಒಂದು ಕಣ್ಣಿನಲ್ಲಿ ಮಾತ್ರ ಮಡಿಕೆ ಇತ್ತು. ಇನ್ನೊಂದನ್ನು ಅದಕ್ಕೆ ಹೊಂದಿಸುವುದಷ್ಟೇ ಕೆಲಸ; ಅಳತೆಗೆ ಆಕೆಯದೇ ಕಣ್ಣು ಎದುರಿಗಿತ್ತು. ಕೊರಿಯಾ ಯುದ್ಧ 1953ರಲ್ಲಿ ನಿಂತ ಮೇಲೆ ಅಲ್ಲಿಗೆ ಬಂದ ಅಮೆರಿಕದ ಶಸ್ತ್ರವೈದ್ಯ ರಾಲ್ಫ್ ಮಿಲಾರ್ಡ್ ಪಾಶ್ಚಾತ್ಯರ ಕಣ್ಣನ್ನೇ ಮಾದರಿಯಾಗಿಟ್ಟುಕೊಂಡರು. ತೊಡಕು ಇರುವುದು ಇಲ್ಲೇ. ರೆಪ್ಪೆಯೊಳಗೆ 'ಟಾರ್ಸಸ್' ಎಂಬ ಗಟ್ಟಿ ಪಟ್ಟಿಯೊಂದಿದೆ. ಪಾಶ್ಚಾತ್ಯರಲ್ಲಿ ಅದರ ಎತ್ತರ ಸುಮಾರು 10 ಮಿ.ಮೀ., ಪೂರ್ವ ಏಷ್ಯದವರಲ್ಲಿ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಏಳು ಮಿಲಿಮೀಟರಿನ ಪಟ್ಟಿಯಿರುವ ಕಣ್ಣಿಗೆ ಹತ್ತು ಮಿಲಿಮೀಟರಿನಲ್ಲಿ ಗೆರೆ ಕೊಯ್ದರೆ ಆಗುವುದು ಚೆಲುವಲ್ಲ, ಬೆರಗು. ಮೂಗಿನ ಪಕ್ಕದ ಒಳಮೂಲೆಯಲ್ಲಿ ಚರ್ಮದ ಇನ್ನೊಂದು ಪದರ ಇಳಿಬಿದ್ದಿದ್ದರೆ ಹೊಸ ಗೆರೆ ಅದರಡಿ ಮರೆಯಾಗುತ್ತದೆ. ಅದನ್ನೂ ಕತ್ತರಿಸಿ ಬಿಡಿಸಬಹುದು, ಆದರೆ ಆ ಜಾಗದಲ್ಲಿ ಕಲೆ ಉಳಿಯುವ ಭಯ ಹೆಚ್ಚು.

ಮಡಿಕೆಯ ಮಾತು ಹೀಗಾದರೆ ಕಣ್ಣುಗುಡ್ಡೆಯ ಸ್ಥಾನದ್ದು ಬೇರೆಯೇ ಕಥೆ. ಇದು ಎಲ್ಲ ದೇಶದವರಿಗೂ ಸೇರಿದ್ದು. ವಯಸ್ಸಾದ ಮೇಲೆ ಕಣ್ಣಿನ ಕೆಳಗಿನ ಚೀಲ ತೆಗೆಸಿಕೊಳ್ಳುವವರು ಈಗ ಇಲ್ಲಿಯೂ ಇದ್ದಾರೆ. ಕಣ್ಣು ಕೆನ್ನೆಮೂಳೆಗಿಂತ ಮುಂದಕ್ಕೆ ಚಾಚಿದ್ದರೆ ಕೆಳರೆಪ್ಪೆಯ ಚರ್ಮವನ್ನು ಬಿಗಿಮಾಡುವುದು ಅಪಾಯ. ಹೊಟ್ಟೆ ಬಂದವರ ಪಂಚೆಯನ್ನು ಬಿಗಿದಷ್ಟೂ ಅದು ಹೊಟ್ಟೆಯ ಕೆಳಕ್ಕೆ ಜಾರುತ್ತದೆಯಲ್ಲವೆ? ರೆಪ್ಪೆಯೂ ಹಾಗೆಯೇ ಗುಡ್ಡೆಯ ಕೆಳಕ್ಕೆ ಜಾರಿ ಬಿಳಿಭಾಗ ಹೊರಗೆ ಕಾಣುತ್ತದೆ. ಮೇಲ್ರೆಪ್ಪೆಯಲ್ಲೂ ಉಬ್ಬಿದ ಗುಡ್ಡೆಯನ್ನು ಹೊದೆಯಲು ಹೆಚ್ಚು ಚರ್ಮ ಬೇಕು. ಅದನ್ನು ಮರೆತು ಕತ್ತರಿಸಿದರೆ ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚದೆ ಒಣಗುತ್ತದೆ. ಗುಳಿಬಿದ್ದ ಕಣ್ಣಿನವರದು ಇದಕ್ಕೆ ತಿರುಗುಮುರುಗು. ಕೊಬ್ಬು ಹೆಚ್ಚು ತೆಗೆದರೆ ಗುಳಿ ಇನ್ನೂ ಆಳವಾಗಿ, ಎಳೆಯರಾಗಿ ಕಾಣಲು ಹೋದವರು ಇನ್ನಷ್ಟು ಮುದುಕರಾಗಿ ಕಾಣುತ್ತಾರೆ.

ಇನ್ನು ಕೆಲವರ ಕಣ್ಣು ತೂಕಡಿಸುವಂತೆ ಕಾಣಲು ಕಾರಣ ಚರ್ಮವಲ್ಲ, ಲಿವೇಟರ್ ಸ್ನಾಯುವಿನ ದೌರ್ಬಲ್ಯ. ಇವರಿಗೆ ಬರೀ ಮಡಿಕೆ ಹಾಕಿದರೆ ಮಡಿಕೆಯಿರುವ ತೂಕಡಿಕೆ ಕಣ್ಣು ಸಿಗುತ್ತದೆ! ಇಲ್ಲೊಂದು ಸೋಜಿಗವಿದೆ. ಮಿದುಳು ಎರಡೂ ಕಣ್ಣಿನ ಲಿವೇಟರಿಗೆ ಸಮನಾದ ಆಜ್ಞೆಯನ್ನೇ ಕಳಿಸುತ್ತದೆ. ಒಂದು ರೆಪ್ಪೆ ಜೋತಿದ್ದರೆ ಅದನ್ನು ಎತ್ತಲು ಹೆಚ್ಚಿನ ಆಜ್ಞೆ ಹೊರಟು ಇನ್ನೊಂದು ಕಣ್ಣು ಇರುವುದಕ್ಕಿಂತ ಅಗಲವಾಗಿ ತೆರೆದಿರುತ್ತದೆ. ಜೋತ ರೆಪ್ಪೆಯನ್ನು ಸರಿಪಡಿಸಿದ ಮೇಲೆ ಹೆಚ್ಚಿನ ಆಜ್ಞೆಯೂ ನಿಂತು, ಸರಿಯಾಗಿದ್ದ ಕಣ್ಣು ಕೆಳಗಿಳಿದುಬಿಡಬಹುದು. ಅನುಭವಿ ವೈದ್ಯರು ಜೋತ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ಇನ್ನೊಂದರ ವರ್ತನೆಯನ್ನು ಮೊದಲೇ ನೋಡಿಕೊಳ್ಳುತ್ತಾರೆ.

ನಟಿಯ ಫೋಟೋ ಹಿಡಿದುಕೊಂಡು ಬಂದವರಿಗೂ ಅವರು ಮಾಡುವ ಮೊದಲ ಕೆಲಸ, ತೆಳುವಾದ ತಂತಿಯನ್ನು ರೆಪ್ಪೆಗೆ ಮೆಲ್ಲಗೆ ಒತ್ತಿ, ಅವರದೇ ಕಣ್ಣಿನಲ್ಲಿ ಗೆರೆ ಎಲ್ಲಿ ಬಿದ್ದರೆ ಹೇಗೆ ಕಾಣುತ್ತದೆಂದು ಕನ್ನಡಿಯಲ್ಲಿ ತೋರಿಸುವುದು. ಬರೀ ಹೊಲಿಗೆಯ ಮಡಿಕೆಯನ್ನು ಆರಂಭದಲ್ಲಿ ಬಿಚ್ಚಲು ಸಾಧ್ಯವಾದೀತು. ಚರ್ಮ ಕತ್ತರಿಸಿದ್ದರೆ ಹಾಗಲ್ಲ. ಅತಿಯಾಗಿ ತೆಗೆದು ಕಣ್ಣು ಮುಚ್ಚದಂತಾದರೆ ಕಿವಿಯ ಹಿಂಭಾಗದ ಚರ್ಮ ತಂದು ರೆಪ್ಪೆಗೆ ಕಸಿ ಮಾಡಬೇಕಾದೀತು.